ಗುಂಡು ಗುರಿ ತಪ್ಪುವುದೇಕೆ?

ಕಳೆದ ಮಾಘಮಾಸದಲ್ಲಿ ನಾವು ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಪ್ರಯಾಣ ಮಾಡುತ್ತಿದ್ದೆವು. ೧೯೧೫ರಲ್ಲಿ ಬೆಳಕಿಗೆ ಬಂದು, ಅಶೋಕನ ಹೆಸರನ್ನೇ ಹೇಳಿ ಇತಿಹಾಸಕಾರರ ಸಂದೇಹವನ್ನು ನೀಗಿದ ಮಸ್ಕಿಯ ಶಾಸನವನ್ನು ನೋಡಬೇಕೆಂಬುದು ನಮ್ಮ ಬಹುದಿನಗಳ ಆಸೆಯಾಗಿದ್ದಿತು. ದಾರಿಯ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಬಲಿತು ನಿಂತಿತ್ತು. ಒಂದು ಹೊಲದ ನಡುವೆ ಅಟ್ಟದ ಮೇಲೆ ನಿಂತ ವೃದ್ಧೆಯೊಬ್ಬಳು ಕವಣೆ ಬೀಸಿ ಹಕ್ಕಿಗಳನ್ನು ಎಬ್ಬಿಸುತ್ತಿದ್ದಳು. ನಾಲ್ಕು ಕಲ್ಲುಗಳು ಹಕ್ಕಿಗಳ ಹಿಂಡಿನ ನೆತ್ತಿಯ ಮೇಲೆಯೇ ಹೋದುವು. ಐದನೆಯದು ಬಹಳ ಬಲಕ್ಕೆ ಸರಿದು ಬೇಲಿಯೊಳಗೆ ಬಿದ್ದಿತು. "ಕವಣೆ ಕೈಕೊಟ್ಟಿತೇನವ್ವಾ?" ಎಂದು ನಾವು ಕೇಳಿದುದಕ್ಕೆ ಆಕೆ, "ಕವಣಿದೇನು ತಪ್ಪಿಲ್ಲಪ್ಪಾ, ಬಿಡೋದು ತಡಾ ಆತು" ಎಂದು ಹೇಳಿ ಆರನೆಯ ಕಲ್ಲನ್ನು ಇಟ್ಟುಕೊಂಡಳು.

ಆ ಮಾತು ಅಂದೇ ಸಾಯಂಕಾಲ ಸಿಂಧನೂರಿನಲ್ಲಿ ನಮಗೆ ಮತ್ತೆ ನೆನಪಾಗುವ ಪ್ರಸಂಗ ಬಂದಿತು. ನಾವು ಇಳಿದುಕೊಂಡದ್ದು ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಒಕ್ಕಲುತನ ಅವರದು. ಮಗ ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಾನೆ. ಎನ್.ಸಿ.ಸಿ. ಶಿಬಿರದಲ್ಲಿ ರೈಫಲ್ ಹಿಡಿದಂದಿನಿಂದ ಗುರಿಯಿಡುವ ಹುಚ್ಚು ಹತ್ತಿ, ಈಗ ಎರಡು ವರ್ಷದಿಂದ ಗಾಳಿ ಪಿಸ್ತೂಲಿನ ಅಭ್ಯಾಸ ಮಾಡುತ್ತಾನೆ. ಗುಂಡುಗಳು ಗುರಿಗೆ ಬೀಳುತ್ತಿಲ್ಲ, ಪಿಸ್ತೂಲು ಕೆಟ್ಟಿದೆ, ಹೊಸದೇ ಬೇಕು ಎಂಬುದು ಅವನ ತೀರ್ಮಾನ. ಸ್ಪರ್ಧೆಗೆ ಯೋಗ್ಯವಾದ ವಿದೇಶೀ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿಗೂ ಮೇಲೆ. "ಬ್ಯಾಸಗಿ ಭತ್ತ ಮಾರಿದ ಮ್ಯಾಲ ಕೊಡಸ್ತೀನಿ ಅಂದೀನ್ರೀ, ಸಾಲದ್ದು ಸಾಲ ಮಾಡೋದು" ಎಂದು ತಂದೆ ಸಹಜವಾಗಿಯೇ ಹೇಳಿದರು. ಹುಡುಗ ತನ್ನ ಗುರಿಹಾಳೆಗಳ ಕಟ್ಟನ್ನು ತಂದು ನಮ್ಮ ಮುಂದೆ ಹರಡಿದನು.

ಇಂಥ ಸಂದರ್ಭದಲ್ಲಿ ತಪ್ಪು ಉಪಕರಣದ್ದೋ ಕೈಯದೋ ಎಂಬುದನ್ನು ನಿರ್ಣಯಿಸುವ ಬಗೆ ಹೇಗೆ? ಇದು ಊಹೆಯಿಂದ ತೀರುವ ಪ್ರಶ್ನೆಯಲ್ಲ. ವೈದ್ಯನು ರೋಗವನ್ನು ಗುರುತಿಸುವಂತೆ, ಒಂದೊಂದೇ ಕಾರಣವನ್ನು ಬೇರ್ಪಡಿಸಿ ಪರೀಕ್ಷಿಸಬೇಕು.

ಮೊದಲು ಗುರಿಯ ಅಳತೆಗಳನ್ನು ತಿಳಿದುಕೊಳ್ಳೋಣ. ಈ ಸ್ಪರ್ಧೆಯಲ್ಲಿ ಗುರಿಹಾಳೆ ಇರುವುದು ೧೦ ಮೀಟರ್ ದೂರದಲ್ಲಿ. ನಡುವಿನ 'ಹತ್ತು' ಅಂಕದ ವರ್ತುಲದ ವ್ಯಾಸ ಹನ್ನೊಂದೂವರೆ ಮಿಲಿಮೀಟರ್ ಮಾತ್ರ. ನಮ್ಮ ಅಂಗಿಯ ಗುಂಡಿಯಷ್ಟು ಎನ್ನಬಹುದು. ಅದರ ಸುತ್ತ ಎಂಟೆಂಟು ಮಿಲಿಮೀಟರ್ ಅಂತರದಲ್ಲಿ ಒಂಬತ್ತು, ಎಂಟು, ಏಳು ಎಂದು ವರ್ತುಲಗಳು ಹರಡಿಕೊಳ್ಳುತ್ತವೆ. ಗುಂಡಿನ ವ್ಯಾಸ ನಾಲ್ಕೂವರೆ ಮಿಲಿಮೀಟರ್. ಅದರ ಅಂಚು ವರ್ತುಲದ ಗೆರೆಯನ್ನು ಮುಟ್ಟಿದರೂ ಒಳಗಿನ ಅಂಕವೇ ದೊರೆಯುತ್ತದೆ. ಪಿಸ್ತೂಲನ್ನು ಒಂದೇ ಕೈಯಲ್ಲಿ, ತೋಳನ್ನು ನೀಡಿ ಹಿಡಿಯಬೇಕು. ಮೊಣಕೈಗಾಗಲಿ ಮಣಿಕಟ್ಟಿಗಾಗಲಿ ಆಸರೆ ಇರಕೂಡದು. ಹೀಗೆ ೬೦ ಗುಂಡುಗಳನ್ನು ಹಾರಿಸಬೇಕು. ಯಾರ ತೋಳೂ ಪೂರ್ಣ ನಿಶ್ಚಲವಾಗಿರುವುದಿಲ್ಲ. ನಾಡಿಯ ಬಡಿತ, ಉಸಿರು, ಸ್ನಾಯುಗಳ ಕಂಪನ, ಇವೆಲ್ಲವೂ ಸೇರಿ ಅದನ್ನು ಸದಾ ತೂಗಾಡಿಸುತ್ತಿರುತ್ತವೆ. ಹಾಗಿದ್ದರೂ ನುರಿತವರು ಹತ್ತರ ಮೇಲೆ ಹತ್ತು ಹೊಡೆಯುತ್ತಾರೆ. ಇದು ಹೇಗೆ ಸಾಧ್ಯ?

ಇದಕ್ಕೆ ಉತ್ತರ ರೇಖಾಗಣಿತದಲ್ಲಿದೆ. ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಮೊಳೆಯಂತೆ ನಿಂತಿರುವುದನ್ನು ಗುರಿಮೊನೆ ಎಂದೂ, ಹಿಂಬದಿಯಲ್ಲಿರುವ ಚೌಕನೆಯ ಸಂದನ್ನು ಕಚ್ಚು ಎಂದೂ ಕರೆಯೋಣ. ಇವೆರಡರ ನಡುವಣ ಅಂತರ ಸುಮಾರು ೩೨ ಸೆಂಟಿಮೀಟರ್. ಈಗ ತೋಳೆಲ್ಲವೂ ಒಟ್ಟಾಗಿ ಐದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತೆನ್ನಿ. ಮೊನೆ ಮತ್ತು ಕಚ್ಚು ಒಂದೇ ನೇರದಲ್ಲಿದ್ದರೆ ಗುಂಡೂ ಐದೇ ಮಿಲಿಮೀಟರ್ ಸರಿಯುತ್ತದೆ, ಅಂಕ ಹತ್ತೇ ಆಗಿರುತ್ತದೆ. ಆದರೆ ಮಣಿಕಟ್ಟು ಮಿಸುಕಿ, ಕಚ್ಚಿನೊಳಗೆ ಮೊನೆ ಒಂದೇ ಒಂದು ಮಿಲಿಮೀಟರ್ ಓರೆಯಾದರೆ? ೩೨ ಸೆಂಟಿಮೀಟರಿಗೆ ಒಂದು ಮಿಲಿಮೀಟರ್ ಆದರೆ ೧೦ ಮೀಟರಿಗೆ ೩೧ ಮಿಲಿಮೀಟರಿಗೂ ಮೇಲಾಯಿತು. ಗುಂಡು ಏಳರ ಅಂಚಿಗೆ ಹೋಗಿ ಬೀಳುವುದು. ಮೊನೆಯ ಓರೆ ಕಾಲು ಮಿಲಿಮೀಟರನ್ನು ಮೀರಿದರೆ ಹತ್ತು ಕೈತಪ್ಪಿತೆಂದೇ ಲೆಕ್ಕ. ತೋಳಿನ ತೂಗಾಟಕ್ಕೆ ಗುರಿಹಾಳೆ ಕ್ಷಮೆ ನೀಡುತ್ತದೆ; ಮಣಿಕಟ್ಟಿನ ಮಿಸುಕಾಟಕ್ಕೆ ನೀಡುವುದಿಲ್ಲ. ಹೊಸದಾಗಿ ಕಲಿಯುವವರು ಇದನ್ನು ತಿರುಗುಮುರುಗಾಗಿ ತಿಳಿದು, ತೋಳಿನ ಅಲುಗಾಟವನ್ನು ನಿಲ್ಲಿಸಲು ಹೆಣಗುತ್ತ ಮಣಿಕಟ್ಟನ್ನು ಮರೆಯುತ್ತಾರೆ.

ಕಣ್ಣು ಎಲ್ಲಿ ನೆಡಬೇಕೆಂಬುದೂ ಇದರಿಂದಲೇ ಸಿದ್ಧಿಸುತ್ತದೆ. ನಮ್ಮ ಕಣ್ಣಿನ ಮಸೂರ ಹತ್ತಿರದ ಮೊನೆಯನ್ನೂ ದೂರದ ಹಾಳೆಯನ್ನೂ ಏಕಕಾಲದಲ್ಲಿ ಸ್ಪಷ್ಟವಾಗಿ ಕಾಣಿಸಲಾರದು. ಮೊನೆಯೇ ಸ್ಪಷ್ಟವಾಗಿರಬೇಕು, ಕಪ್ಪು ವೃತ್ತ ಮಸುಕಾಗಿದ್ದರೆ ಇರಲಿ. ಅನೇಕರು ಗುರಿಯಿಡುವುದು ವೃತ್ತದ ನಡುವಿಗೂ ಅಲ್ಲ. ಅದರ ಕೆಳಗಿನ ಬಿಳಿಯ ಭಾಗಕ್ಕೆ. ಬಿಳಿಯ ಹಿನ್ನೆಲೆಯಲ್ಲಿ ಕರಿಯ ಮೊನೆ ನಿಚ್ಚಳವಾಗಿ ತೋರುತ್ತದೆ. ಆ ಅಂತರಕ್ಕೆ ತಕ್ಕಂತೆ ಕಚ್ಚನ್ನು ಮೊದಲೇ ಹೊಂದಿಸಿಟ್ಟಿರುತ್ತಾರೆ.

ನಮ್ಮ ಹುಡುಗನ ಹಾಳೆಗಳಿಗೆ ಬರೋಣ. ಹಳೆಯ ಹಾಳೆಗಳಲ್ಲಿ ರಂಧ್ರಗಳು ಬಹುಮಟ್ಟಿಗೆ ನಡುವಿನಿಂದ ಎಡಕ್ಕೂ ಕೆಳಕ್ಕೂ ಚೆಲ್ಲಿದ್ದುವು. ಈಚಿನವುಗಳಲ್ಲಿ ದಿಕ್ಕೇ ಇರಲಿಲ್ಲ. ವಿಚಾರಿಸಲಾಗಿ, ಪ್ರತಿ ಮೂರು ನಾಲ್ಕು ಗುಂಡಿಗೊಮ್ಮೆ ಕಚ್ಚಿನ ತಿರುಪನ್ನು ತಿರುಗಿಸಿ 'ಸರಿಪಡಿಸುತ್ತ' ಬಂದಿದ್ದನೆಂದು ತಿಳಿಯಿತು. ಇದು ಅತ್ಯಂತ ಸಾಮಾನ್ಯವಾದ ತಪ್ಪು. ನಾವೂ ಒಂದು ಕಾಲದಲ್ಲಿ ಮಾಡಿದ್ದೇವೆ. ಮೂರು ಗುಂಡುಗಳು ಏನನ್ನೂ ಸಾಧಿಸಿ ತೋರಿಸಲಾರವು. ಕನಿಷ್ಠ ಹತ್ತು, ಸಾಧ್ಯವಾದರೆ ಇಪ್ಪತ್ತು ಗುಂಡುಗಳನ್ನು ಏನನ್ನೂ ಬದಲಿಸದೆ ಹಾರಿಸಿ, ಆ ರಂಧ್ರಗಳ ಗುಂಪನ್ನು ನೋಡಬೇಕು. ಗುಂಪು ಬಿಗಿಯಾಗಿದ್ದು ನಡುವಿನಿಂದ ದೂರವಿದ್ದರೆ ಕಚ್ಚನ್ನು ಸರಿಸುವ ಮಾತು. ಗುಂಪೇ ಚೆದುರಿದ್ದರೆ ತಿರುಪಿನ ಗೊಡವೆಗೆ ಹೋಗಬಾರದು. ಚೆದುರುವಿಕೆಗೆ ಮದ್ದು ತಿರುಪಿನಲ್ಲಿಲ್ಲ.

ಲಿಂಗಸುಗೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ಸೇನೆಯ ದಂಡು ಇದ್ದಿತು. ಆ ಕಾಲದ ನುಣುಪು ನಳಿಗೆಯ ಬಂದೂಕನ್ನು ಹಿಡಿದ ಸಿಪಾಯಿಗೆ ಈ ಬಗೆಯ ಪರೀಕ್ಷೆ ಸಾಧ್ಯವೇ ಇರಲಿಲ್ಲ. ನಳಿಗೆಗಿಂತ ಸಣ್ಣದಾದ ಸೀಸದ ಉಂಡೆ ಗೋಡೆಗಳಿಗೆ ತಾಗುತ್ತ ಹೊರಟು, ಕೊನೆಯ ತಾಗು ಯಾವ ಕಡೆಗೋ ಆ ಕಡೆಗೆ ಹಾರುತ್ತಿತ್ತು. ತಪ್ಪು ಸಿಪಾಯಿಯದೋ ಬಂದೂಕಿನದೋ ಎಂದು ಹೇಳುವವರಾರು? ಇಂದಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಅದರ ದಾರಿಯನ್ನು ಸ್ಥಿರಗೊಳಿಸುತ್ತವೆ. ಒಳ್ಳೆಯ ಗಾಳಿ ಪಿಸ್ತೂಲನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಹಾರಿಸಿದರೆ ಗುಂಡುಗಳೆಲ್ಲ ಹೆಚ್ಚು ಕಡಿಮೆ ಒಂದೇ ರಂಧ್ರದಲ್ಲಿ ನುಗ್ಗುತ್ತವೆ. ತಯಾರಕರು ಅಂಥ ಪರೀಕ್ಷೆಯ ಹಾಳೆಯನ್ನು ಪೆಟ್ಟಿಗೆಯಲ್ಲಿಯೇ ಇಟ್ಟು ಕಳುಹಿಸುವುದುಂಟು. ಹುಡುಗನ ಪೆಟ್ಟಿಗೆಯಲ್ಲಿಯೂ ಅದು ಇದ್ದಿತು. ಅವನು ಅದನ್ನು ನೋಡಿಯೇ ಇರಲಿಲ್ಲ.

ರಜೆ ಮುಗಿದ ಬಳಿಕ ಬೆಂಗಳೂರಿನಲ್ಲಿ ಅವನು ಅಭ್ಯಾಸ ಮಾಡುವ ಸ್ಥಳಕ್ಕೆ ನಾವೂ ಹೋದೆವು. ಮೊದಲನೆಯ ಪರೀಕ್ಷೆ ಸುಲಭವಾದದ್ದು. ಅವನ ಪಿಸ್ತೂಲನ್ನೂ ಅವನ ಗುಂಡುಗಳನ್ನೂ ಅಲ್ಲಿಯ ಹಿರಿಯ ಗುರಿಕಾರರೊಬ್ಬರ ಕೈಗೆ ಕೊಟ್ಟೆವು. ಅವರು ಹತ್ತು ಗುಂಡು ಹಾರಿಸಿದರು. ಹತ್ತೂ ಬಲಮೇಲಕ್ಕೆ ಬಿದ್ದುವು. ಆದರೆ ಎಲ್ಲವನ್ನೂ ಒಂದು ಎಂಟಾಣೆಯ ನಾಣ್ಯದಿಂದ ಮುಚ್ಚಬಹುದಾಗಿತ್ತು. ಎಲ್ಲಿ ಬಿದ್ದುವು ಎಂಬುದು ಇಲ್ಲಿ ಮುಖ್ಯವಲ್ಲ. ಕಚ್ಚು ಹುಡುಗನ ತಿರುಪಾಟದಿಂದ ಎಲ್ಲಿಗೋ ಹೋಗಿತ್ತು. ಒಬ್ಬರ ಕಣ್ಣು ಮತ್ತು ಹಿಡಿತಕ್ಕೆ ಹೊಂದಿಸಿದ್ದು ಮತ್ತೊಬ್ಬರಿಗೆ ಹೊಂದುವುದೂ ಇಲ್ಲ. ಗುಂಪು ಬಿಗಿಯಾಗಿತ್ತು. ಪಿಸ್ತೂಲು ನಿರ್ದೋಷಿಯಾಯಿತು.

ಯಾವಾಗಲೂ ಹೀಗೆಯೇ ಆಗುವುದೆಂದು ಹೇಳಲಾಗದು. ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತೆಯ ಸುತ್ತಿನ ನಡುವೆಯೇ ಕೆಟ್ಟು, ಅಮೂಲ್ಯವಾದ ಕಾಲ ನಷ್ಟವಾಗಿ, ಅವರು ಅಂತಿಮ ಸುತ್ತನ್ನು ಸ್ವಲ್ಪದರಲ್ಲಿ ಕಳೆದುಕೊಂಡರು. ಅದೇ ಮನು ೨೦೨೪ರಲ್ಲಿ ಪ್ಯಾರಿಸಿನಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದರು. ಉಪಕರಣವೂ ಕೆಡುತ್ತದೆ. ಆದರೆ ಕೆಟ್ಟ ಉಪಕರಣ ಯಾರ ಕೈಯಲ್ಲಿಯೂ ಕೆಟ್ಟದ್ದೇ. ಈ ಪರೀಕ್ಷೆಯ ಬಲವಿರುವುದೇ ಅಲ್ಲಿ.

ಎರಡನೆಯ ಪರೀಕ್ಷೆ ಸ್ವಲ್ಪ ಚತುರವಾದದ್ದು. ಹುಡುಗನನ್ನು ಮುಖ ತಿರುಗಿಸಿಕೊಳ್ಳಲು ಹೇಳಿ, ಪಿಸ್ತೂಲಿನ ಮೂತಿ ಗುರಿಯ ಕಡೆಗೇ ಇರುವಂತೆ ಎಚ್ಚರ ವಹಿಸಿ, ಆ ಹಿರಿಯರು ಕೆಲವು ಸಲ ಗುಂಡು ತುಂಬಿದರು. ಕೆಲವು ಸಲ ಗುಂಡನ್ನು ಹಾಕದೆ, ಗಾಳಿಯೂ ಹೊರಡದಂತೆ ಬರಿಯ ಅಭ್ಯಾಸಕ್ಕೆಂದೇ ಇರುವ ಕೀಲನ್ನು ತಿರುಗಿಸಿ ಕೊಟ್ಟರು. ಯಾವುದು ತುಂಬಿದ್ದು ಯಾವುದು ಬರಿದು ಎಂಬುದು ಹುಡುಗನಿಗೆ ಗೊತ್ತಿಲ್ಲ. ಗುಂಡು ಹಾರಿದಾಗ ಆಗುವ ಸದ್ದೂ ಸಣ್ಣ ನೆಗೆತವೂ ಕೈಯ ತಪ್ಪನ್ನು ಮರೆಮಾಡುತ್ತವೆ. ಬರಿದಾದಾಗ ಮರೆಮಾಡಲು ಏನೂ ಇಲ್ಲ. ಮೂರನೆಯ ಸಲ ಬರಿಯ 'ಟಿಕ್' ಎಂಬ ಶಬ್ದವಾಯಿತು. ಜೊತೆಗೇ ಪಿಸ್ತೂಲಿನ ಮೂತಿ ಕಣ್ಣಿಗೆ ಕಾಣುವಷ್ಟು ಎಡಕ್ಕೆ ಕುಸಿಯಿತು. ಹುಡುಗ ನಮ್ಮ ಕಡೆಗೆ ತಿರುಗಿ, "ಸರ್, ಇದು ನಾನೇ ಮಾಡಿದ್ದಾ?" ಎಂದನು. ಮತ್ತೆ ಹತ್ತು ಸಲ ಮಾಡಿಸಿದೆವು. ಬರಿದಾದಾಗಲೆಲ್ಲ ಮೂತಿ ಹಾಗೆಯೇ ಎಡಗೆಳಕ್ಕೆ ಬಾಗುತ್ತಿತ್ತು.

ಇದರ ಕಾರಣವನ್ನು ವಿವರಿಸಬೇಕು. ಹಳಬರು ಬಂದೂಕಿನ 'ಕುದುರೆ' ಎನ್ನುತ್ತಿದ್ದ ಟ್ರಿಗರನ್ನು ಎಳೆಯಲು ಈ ಸ್ಪರ್ಧೆಯ ಪಿಸ್ತೂಲಿನಲ್ಲಿ ಕನಿಷ್ಠ ೫೦೦ ಗ್ರಾಂ ಭಾರದಷ್ಟು ಬಲ ಬೇಕೆಂಬ ನಿಯಮವಿದೆ. ಅದು ಅರ್ಧ ಸೇರು ಹಾಲಿನ ಭಾರದಷ್ಟು, ಹೆಚ್ಚೇನಲ್ಲ. ತೋಳು ತೂಗಾಡುತ್ತಿರುವಾಗ ಮೊನೆ ಒಂದು ಕ್ಷಣ ಸರಿಯಾದ ಜಾಗಕ್ಕೆ ಬರುತ್ತದೆ. "ಈಗ!" ಎಂದುಕೊಂಡು ಹೊಸಬನು ಟ್ರಿಗರನ್ನು ಜಗ್ಗುತ್ತಾನೆ. ಆದರೆ ಕಣ್ಣು ಕಂಡುದಕ್ಕೆ ಬೆರಳು ಸ್ಪಂದಿಸಲು ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ತೋಳು ಬೇರೆ ಕಡೆಗೆ ಹೋಗಿರುತ್ತದೆ. ಇಷ್ಟೇ ಆಗಿದ್ದರೆ ಹೆಚ್ಚಿನ ಹಾನಿಯಿರಲಿಲ್ಲ. ಅವಸರದಲ್ಲಿ ತೋರುಬೆರಳಿನೊಡನೆ ಉಳಿದ ಮೂರು ಬೆರಳುಗಳೂ ಮುಷ್ಟಿ ಕಟ್ಟುವಂತೆ ಬಿಗಿಯುತ್ತವೆ, ಮಣಿಕಟ್ಟು ಕುಸಿಯುತ್ತದೆ. ಬಲಗೈಯವನಲ್ಲಿ ಈ ಬಿಗಿತ ಮೂತಿಯನ್ನು ಸಾಮಾನ್ಯವಾಗಿ ಎಡಕ್ಕೂ ಕೆಳಕ್ಕೂ ತಳ್ಳುವುದು. ಮೇಲೆ ಲೆಕ್ಕ ಹಾಕಿದ ಓರೆಯ ತಪ್ಪು ಇದೇ. ಮಸ್ಕಿಯ ಹೊಲದ ಆ ವೃದ್ಧೆ ಹೇಳಿದುದೂ ಬಿಡುವ ಕ್ಷಣದ ಮಾತನ್ನೇ. ಆಕೆ ತಡಮಾಡಿದಳು, ನಮ್ಮ ಹುಡುಗ ಅವಸರಪಟ್ಟನು.

ಅನೇಕ ಅಭ್ಯಾಸಸ್ಥಳಗಳ ಗೋಡೆಯ ಮೇಲೆ ಗಡಿಯಾರದ ಮುಖದಂತೆ ವಿಭಾಗಿಸಿದ ಚಿತ್ರವೊಂದನ್ನು ತೂಗುಹಾಕಿರುತ್ತಾರೆ. ಏಳು ಗಂಟೆಯ ಕಡೆ ಬಿದ್ದರೆ ಟ್ರಿಗರನ್ನು ಜಗ್ಗಿದೆ, ಹನ್ನೆರಡರ ಕಡೆ ಬಿದ್ದರೆ ಮಣಿಕಟ್ಟನ್ನು ಎತ್ತಿದೆ, ಹೀಗೆ ಪ್ರತಿ ಭಾಗಕ್ಕೂ ಒಂದೊಂದು ದೋಷವನ್ನು ಅದರಲ್ಲಿ ಬರೆದಿರುತ್ತದೆ. ನಮಗೆ ಅದರಲ್ಲಿ ಪೂರ್ಣ ವಿಶ್ವಾಸವಿಲ್ಲ. ಅದು ಒಂದೇ ಕೈಯಲ್ಲಿ ನಿಧಾನವಾಗಿ ಹಾರಿಸುವ ಬಲಗೈಯವರಿಗಾಗಿ ಮಾಡಿದ್ದು. ಎಡಗೈಯವರು ಅದನ್ನು ಕನ್ನಡಿಯಲ್ಲಿ ನೋಡಿದಂತೆ ಓದಬೇಕು. ಎರಡು ಕೈ ಹಿಡಿದು ಹಾರಿಸುವವರಿಗೆ ಅದು ಹೊಂದದೆಯೂ ಹೋಗಬಹುದು. ಕಚ್ಚು ತಪ್ಪಾಗಿದ್ದರಂತೂ ಚಿತ್ರ ಹೇಳುವುದೆಲ್ಲವೂ ಸುಳ್ಳಾಗುತ್ತದೆ. ಅದನ್ನು ಅನುಮಾನಕ್ಕೆ ದಾರಿಯೆಂದು ಇಟ್ಟುಕೊಳ್ಳಬಹುದು, ತೀರ್ಪೆಂದು ಅಲ್ಲ. ತೀರ್ಪನ್ನು ನೀಡಬೇಕಾದುದು ಬರಿದು ಪಿಸ್ತೂಲಿನ ಪರೀಕ್ಷೆಯಂಥ ಪ್ರಯೋಗ.

ಕಾಲುಗಳ ನಿಲುವನ್ನೂ ನೋಡಿದೆವು. ಕಣ್ಣು ಮುಚ್ಚಿ ತೋಳನ್ನೆತ್ತಿ, ಎರಡು ಉಸಿರು ತೆಗೆದುಕೊಂಡು ಕಣ್ಣು ತೆರೆದರೆ ಮೊನೆ ಎಲ್ಲಿ ನಿಂತಿರುವುದೋ ಅದೇ ದೇಹದ ಸಹಜವಾದ ದಿಕ್ಕು. ಅದು ಗುರಿಯ ಬಲಕ್ಕೋ ಎಡಕ್ಕೋ ಇದ್ದರೆ ತೋಳನ್ನು ತಿರುಗಿಸಬಾರದು, ಪಾದಗಳನ್ನು ಸರಿಸಬೇಕು. ಇಲ್ಲವಾದರೆ ಸ್ನಾಯುಗಳು ಪ್ರತಿ ಸಲವೂ ತೋಳನ್ನು ಎಳೆದು ಹಿಡಿಯಬೇಕಾಗಿ, ನಲವತ್ತನೆಯ ಗುಂಡಿನ ಹೊತ್ತಿಗೆ ದಣಿದು ಕೈಬಿಡುತ್ತವೆ. ಹುಡುಗನ ನಿಲುವು ಸ್ವಲ್ಪ ಮಾತ್ರ ತಪ್ಪಿತ್ತು.

ಇನ್ನು ಚಿಕಿತ್ಸೆ. ಅದಕ್ಕೆ ಹಣ ಬೇಕಿಲ್ಲ, ಗುಂಡೂ ಬೇಕಿಲ್ಲ. ದಿನವೂ ಅರ್ಧ ಗಂಟೆ, ಬರಿಯ ಗೋಡೆಯ ಮುಂದೆ ನಿಂತು, ಬರಿದು ಪಿಸ್ತೂಲಿನಿಂದ ಅಭ್ಯಾಸ. ಆ ಕೋಣೆಯಲ್ಲಿ ಒಂದು ಗುಂಡೂ ಇರಕೂಡದು. ಪಿಸ್ತೂಲು ಬರಿದೆಂದು ಎರಡು ಸಲ ನೋಡಿಕೊಂಡ ಮೇಲೆಯೂ ಮೂತಿಯನ್ನು ಮನುಷ್ಯರತ್ತ ತಿರುಗಿಸಕೂಡದು. ಗಾಳಿ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು ೧೫೦ ಮೀಟರ್ ವೇಗದಲ್ಲಿ ಹೊರಡುತ್ತದೆ. ಆಟದ ಸಾಮಾನೆಂದು ಬಗೆದವರ ಕಣ್ಣನ್ನೇ ಕಳೆಯಲು ಅಷ್ಟು ಸಾಕು. ಗೋಡೆಯಲ್ಲಿ ಗುರಿ ಇಲ್ಲದಿರುವುದೇ ಈ ಅಭ್ಯಾಸದ ಗುಟ್ಟು. ಹೊಡೆಯಲು ಏನೂ ಇಲ್ಲವಾದುದರಿಂದ "ಈಗ!" ಎಂಬ ಅವಸರವೂ ಹುಟ್ಟುವುದಿಲ್ಲ. ಕಣ್ಣು ಮೊನೆಯ ಮೇಲೆ ನೆಟ್ಟು, ಬೆರಳನ್ನು ಎಡೆಬಿಡದೆ ಒಂದೇ ಸಮನೆ ಒತ್ತುತ್ತ ಹೋಗಬೇಕು. 'ಟಿಕ್' ಎಂದಾಗ ಮೊನೆ ಕಚ್ಚಿನಲ್ಲಿ ಅಲುಗಿತೇ ಎಂಬುದೊಂದನ್ನೇ ಗಮನಿಸಬೇಕು. ಎಂಟು ಹತ್ತು ಸೆಕೆಂಡುಗಳಲ್ಲಿ ಬಿಡುಗಡೆಯಾಗದಿದ್ದರೆ ತೋಳನ್ನು ಇಳಿಸಿ ವಿಶ್ರಮಿಸಬೇಕು. ಉಸಿರು ಹಿಡಿದು ಹೆಚ್ಚು ಹೊತ್ತು ದಿಟ್ಟಿಸಿದರೆ ಕಣ್ಣು ಮಂಜಾಗಿ, ನಡುಕ ಹೆಚ್ಚಿ, ಕೊನೆಗೆ ಬೇಸತ್ತು ಜಗ್ಗುವುದೇ ಆಗುತ್ತದೆ. ತೋಳನ್ನಿಳಿಸುವುದು ಸೋಲೆಂದು ಹುಡುಗರು ತಿಳಿಯುತ್ತಾರೆ. ಅದನ್ನು ಕಲಿಸುವುದೇ ಕಷ್ಟ. 'ಟಿಕ್' ಎಂದ ಮೇಲೆಯೂ ಒಂದೆರಡು ಸೆಕೆಂಡು ಹಾಗೆಯೇ ನಿಂತಿರಬೇಕು. ಬಿಡುಗಡೆಯಾದೊಡನೆ ಇಣುಕಿ ನೋಡುವ ಅಭ್ಯಾಸವಾದರೆ, ಇಣುಕುವ ಚಲನೆ ಕ್ರಮೇಣ ಬಿಡುಗಡೆಗಿಂತ ಮುಂಚೆಯೇ ಶುರುವಾಗುತ್ತದೆ.

ಕೈ ಚೆನ್ನಾಗಿದ್ದು ಕಣ್ಣೇ ತೊಂದರೆ ಕೊಟ್ಟರೆ? ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರದು ಅಂಥ ಪ್ರಸಂಗ. ಸಾಫ್ಟ್‌ವೇರ್ ಇಂಜಿನಿಯರಾಗಿದ್ದ ಅವರು ೨೦೧೩ರಲ್ಲಿ ಕೊರಿಯಾದ ಚಾಂಗ್‌ವನ್‌ನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಇದೇ ೧೦ ಮೀಟರ್ ಗಾಳಿ ಪಿಸ್ತೂಲಿನಲ್ಲಿ ಕಂಚಿನ ಪದಕ ಪಡೆದರು. ಅದೇ ವರ್ಷ ಸ್ಪೇನಿನಲ್ಲಿ ಸ್ಪರ್ಧೆಗೆ ಹೋಗಿದ್ದಾಗ ಬೆಲ್ಸ್ ಪಾಲ್ಸಿ ಎಂಬ ಕಾಯಿಲೆಯಿಂದ ಅವರ ಮುಖದ ಒಂದು ಪಾರ್ಶ್ವ ನಿಶ್ಚೇಷ್ಟಿತವಾಯಿತು. ಈ ಕಾಯಿಲೆಯಲ್ಲಿ ಮುಖದ ನರ ಊದಿಕೊಂಡು ಆ ಬದಿಯ ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ರೆಪ್ಪೆ ಮುಚ್ಚದೆ ಕಣ್ಣು ಒಣಗಿ ನೀರೂರುತ್ತದೆ. ಮೊನೆಯ ಅಂಚನ್ನು ಕಾಲು ಮಿಲಿಮೀಟರಿನ ಸೂಕ್ಷ್ಮದಲ್ಲಿ ಕಾಣಬೇಕಾದವನಿಗೆ ಇದು ಎಂಥ ಆಘಾತವೆಂಬುದನ್ನು ಊಹಿಸಿಕೊಳ್ಳಿ. ಅವರು ಮತ್ತೆ ಅಭ್ಯಾಸಕ್ಕೆ ನಿಂತರು. ೨೦೧೪ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕ, ೨೦೧೬ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ೫೦ ಮೀಟರ್ ಪಿಸ್ತೂಲಿನ ಸ್ಪರ್ಧೆ, ಇವೆಲ್ಲ ಆ ಕಾಯಿಲೆಯ ನಂತರದವು. ಹಂಗೇರಿಯ ಕಾರೋಯ್ ಟಾಕಾಚ್ ಎಂಬ ಸೈನಿಕನ ಕಥೆ ಇದಕ್ಕಿಂತ ಹಳೆಯದು. ೧೯೩೮ರಲ್ಲಿ ಕೈಬಾಂಬು ಸಿಡಿದು ಅವನ ಬಲಗೈ ಹೋಯಿತು. ಅವನು ಎಡಗೈಯಲ್ಲಿ ಮೊದಲಿನಿಂದ ಕಲಿತು ೧೯೪೮ ಮತ್ತು ೧೯೫೨ರ ಒಲಿಂಪಿಕ್ಸುಗಳಲ್ಲಿ ಶೀಘ್ರಗತಿಯ ಪಿಸ್ತೂಲಿನಲ್ಲಿ ಚಿನ್ನ ಗೆದ್ದನು.

ನಮ್ಮ ಹುಡುಗನ ವೃತ್ತಾಂತ ಅಷ್ಟು ದೊಡ್ಡದಲ್ಲ. ಬೇಸಗೆಯ ರಜೆಯಲ್ಲಿ ಅವನು ಸಿಂಧನೂರಿನ ಮನೆಯ ಮಹಡಿಯಲ್ಲಿ, ಸುಣ್ಣ ಬಳಿದ ಗೋಡೆಯ ಮುಂದೆ, ಬೆಳಗಿನ ತಂಪು ಹೊತ್ತಿನಲ್ಲಿ ಬರಿದು ಪಿಸ್ತೂಲನ್ನು ಹಿಡಿದು ನಿಲ್ಲುತ್ತಿದ್ದನೆಂದು ತಂದೆ ಪತ್ರ ಬರೆದರು. ಮೊದಲ ವಾರ ನಳಿಗೆಯ ಮೇಲಿಟ್ಟ ನಾಣ್ಯ ಹತ್ತಕ್ಕೆ ಹತ್ತು ಸಲವೂ ಬೀಳುತ್ತಿತ್ತಂತೆ. ಆಷಾಢದ ಹೊತ್ತಿಗೆ ಅವನು ನಮಗೆ ಒಂದು ಹಾಳೆಯನ್ನು ಕಳುಹಿಸಿದನು. ಇಪ್ಪತ್ತು ಗುಂಡುಗಳು, ಎರಡು ಮಾತ್ರ ದಾರಿತಪ್ಪಿ ಎಡಗೆಳಕ್ಕೆ ಹೋಗಿದ್ದುವು. ಅವೆರಡರ ಪಕ್ಕದಲ್ಲಿ, ಹಾಳೆಯನ್ನು ನೋಡುವ ಮೊದಲೇ ತಪ್ಪು ತಿಳಿದಿತ್ತೆಂಬುದರ ಗುರುತಾಗಿ, 'ಜಗ್ಗಿದೆ' ಎಂದು ಪೆನ್ಸಿಲಿನಲ್ಲಿ ಬರೆದಿದ್ದನು. ಉಳಿದ ಹದಿನೆಂಟು ಒತ್ತೊತ್ತಾಗಿ ಒಂದೇ ಕಡೆ ಕೂಡಿದ್ದುವು. ಆದರೆ ಆ ಗುಂಪು ನಡುವಿನಲ್ಲಿರಲಿಲ್ಲ, ಬಲಮೇಲಕ್ಕೆ ಎಂಟರ ವರ್ತುಲದಲ್ಲಿದ್ದಿತು. ಕಚ್ಚನ್ನು ಗುಂಡು ಹೋಗಬೇಕಾದ ದಿಕ್ಕಿಗೇ ಸರಿಸಬೇಕೆಂದೂ, ಈಗ ತಿರುಪನ್ನು ಮುಟ್ಟಬಹುದೆಂದೂ ಅವನಿಗೆ ಉತ್ತರ ಬರೆದೆವು.